ಓದುಗರ ಪ್ರಶ್ನೆ, ನಮ್ಮ ಉತ್ತರ: ನಳ್ಳಿ ನೀರಿನ ಬಿಲ್ಲು

ಪ್ರಶ್ನೆ: ಕಾಸರಗೋಡು ನಗರದಲ್ಲಿರುವ ನಮ್ಮ ಮನೆಯ ನೀರಿನ ಬಿಲ್ಲನ್ನು ನಾನು ಮಂಗಳೂರಿನಿಂದಲೇ ಮೊಬೈಲಿನಲ್ಲಿ ಕಟ್ಟುತ್ತೇನೆ. ಕಳೆದ ಸಲ 443 ರೂಪಾಯಿ ಬಂದಿತ್ತು. ಈ ಸಲ 532 ಆಗಿದೆ. ಮನೆಯವರು ಬಳಕೆ ಅಷ್ಟೇನೂ ಹೆಚ್ಚಿಲ್ಲ ಎನ್ನುತ್ತಾರೆ. ಹಣ ಕಟ್ಟಬೇಕೇ, ದೂರು ಕೊಡಬೇಕೇ? ಸಂಪರ್ಕ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ.
– ಓದುಗರು, ಕಾಸರಗೋಡು

ಉತ್ತರ: ಮನೆಯವರು ಹೇಳುವುದೂ ನಿಜವಿರಬಹುದು, ಬಿಲ್ಲೂ ಸರಿಯಿರಬಹುದು. ಕೇರಳ ಜಲ ಪ್ರಾಧಿಕಾರ ಎರಡು ತಿಂಗಳಿಗೊಮ್ಮೆ ಬಿಲ್ಲು ಕೊಡುತ್ತದೆ. ಆ ಅವಧಿಯ ಬಳಕೆಯನ್ನು ತಿಂಗಳಿಗೆ ಭಾಗಿಸಿ ದರ ಹಾಕುತ್ತದೆ. 2023ರ ಫೆಬ್ರವರಿಯಲ್ಲಿ ಲೀಟರಿಗೆ ಒಂದು ಪೈಸೆಯಂತೆ ಏರಿಸಿ ಜಾರಿಗೆ ತಂದ ಪಟ್ಟಿಯ ಪ್ರಕಾರ, ತಿಂಗಳಿಗೆ 10,000 ಲೀಟರಿನ ತನಕ ಸಾವಿರ ಲೀಟರಿಗೆ 14.41 ರೂಪಾಯಿ, ಅಲ್ಲಿಂದ 15,000ದ ತನಕ ಹೆಚ್ಚಿನ ಭಾಗಕ್ಕೆ ಮಾತ್ರ 15.51 ರೂಪಾಯಿ. ಆದರೆ 15,000 ದಾಟಿತೆಂದರೆ, 20,000ದ ತನಕ, 16.62ರ ದರ ಮೊದಲ ಲೀಟರಿನಿಂದಲೇ, ಇಡೀ ಬಳಕೆಗೆ ಅನ್ವಯವಾಗುತ್ತದೆ. ತಿಂಗಳಿಗೆ 15,000 ಲೀಟರಾದರೆ ಎರಡು ತಿಂಗಳಿಗೆ 443.30 ರೂಪಾಯಿ, 16,000 ಆದರೆ 531.84. ನಿಮ್ಮ ಮನೆಯಲ್ಲಿ ಎರಡು ತಿಂಗಳಲ್ಲಿ ಎರಡು ಸಾವಿರ ಲೀಟರು ಹೆಚ್ಚು ಖರ್ಚಾದುದಕ್ಕೆ ಸುಮಾರು ಎಂಬತ್ತೊಂಬತ್ತು ರೂಪಾಯಿ ಏರಿದೆ ಎಂದೇ ಲೆಕ್ಕ ಹೇಳುತ್ತದೆ. ಗೆರೆ ದಾಟಿದವನಿಗೆ ಹಿಂದಿನದಕ್ಕೂ ದಂಡ ಹಾಕಿದಂತಿರುವ ಈ ಕ್ರಮವನ್ನು ಬಿಲ್ಲಿನಲ್ಲೇ ಬಿಡಿಸಿ ಹೇಳಿದ್ದರೆ ಅರ್ಧದಷ್ಟು ತಕರಾರು ಹುಟ್ಟುತ್ತಿರಲಿಲ್ಲ.

ಹಾಗೆಂದು ಸುಮ್ಮನಿರಬೇಡಿ. ರಾತ್ರಿ ಎಲ್ಲ ನಳ್ಳಿಗಳನ್ನೂ ಮುಚ್ಚಿ, ಟ್ಯಾಂಕು ತುಂಬಿದ ಮೇಲೆ ಮೀಟರಿನ ಫೋಟೋ ತೆಗೆದು ಕಳುಹಿಸಲು ಮನೆಯವರಿಗೆ ಹೇಳಿ. ಬೆಳಿಗ್ಗೆ ನೀರು ಮುಟ್ಟುವ ಮೊದಲು ಇನ್ನೊಂದು. ಕಪ್ಪಂಕಿಗಳು ಸಾವಿರ ಲೀಟರುಗಳನ್ನೂ ಕೆಂಪಂಕಿಗಳು ಅದಕ್ಕಿಂತ ಕಡಿಮೆಯದನ್ನೂ ತೋರಿಸುತ್ತವೆ. ಕೆಂಪಂಕಿ ಸರಿದಿದ್ದರೆ ನೀರು ಎಲ್ಲೋ ಸೋರುತ್ತಿದೆ. ಹೆಚ್ಚಾಗಿ ಅದು ಶೌಚಾಲಯದ ಫ್ಲಶ್ ಟ್ಯಾಂಕು ಅಥವಾ ನೆಲದಡಿಯ ಹಳೆಯ ಪೈಪು. ಫೋಟೋದ ಅಂಕಿ ಬಿಲ್ಲಿನಲ್ಲಿ ನಮೂದಿಸಿದ ಅಂಕಿಗಿಂತ ಕಡಿಮೆಯಿದ್ದರೆ ಮಾತ್ರ ದೂರಿಗೆ ನಿಜವಾದ ಆಧಾರ ಸಿಕ್ಕಿದಂತೆ. ಆಗ 1916ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಫೋಟೋ ಇಟ್ಟುಕೊಳ್ಳಿ.

ಹಣ ಕಟ್ಟಲು ಹೆಸರು ಬದಲಾಯಿಸಿಕೊಳ್ಳಬೇಕೆಂದಿಲ್ಲ. ಮೊಬೈಲಿನಲ್ಲಿ ಗ್ರಾಹಕ ಸಂಖ್ಯೆ ಹಾಕಿದೊಡನೆ ಕಾಣುವ ಹೆಸರು ನಿಮ್ಮ ಅಜ್ಜನದ್ದೇ ಹೌದೇ ಎಂದು ನೋಡಿಯೇ ಮುಂದೊತ್ತಿ. ಒಂದಂಕಿ ತಪ್ಪಿದರೆ ಹಣ ಬೇರೆ ಯಾರದೋ ಖಾತೆಗೆ ಜಮೆಯಾಗುತ್ತದೆ.

ಪ್ರಶ್ನೆ: ಮಳೆಗಾಲದಿಂದ ಮಾಘದ ತನಕ ನಮಗೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರೇ ಸಾಕು. ನಳ್ಳಿ ತಿರುಗಿಸದಿದ್ದರೂ ಬಿಲ್ಲು ಬರುವುದೇಕೆ?
– ಓದುಗರು, ಕಾಸರಗೋಡು ತಾಲೂಕು

ಉತ್ತರ: ಅದು ಕನಿಷ್ಠ ಶುಲ್ಕ. ತಿಂಗಳಿಗೆ 5,000 ಲೀಟರಿನ ದರವಾದ 72.05 ರೂಪಾಯಿಯನ್ನು, ನೀರು ಬಳಸಲಿ ಬಿಡಲಿ, ಕಟ್ಟಲೇಬೇಕು. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ತಿಂಗಳಿಗೆ 15,000 ಲೀಟರಿನ ತನಕ ಉಚಿತವಿದೆ. ಅದಕ್ಕೆ ಪ್ರತಿವರ್ಷ ಅರ್ಜಿ ನವೀಕರಿಸಬೇಕು. ಅದನ್ನು ಮರೆತವರಿಗೆ ಸವಲತ್ತು ತಪ್ಪುತ್ತದೆ.

ಪ್ರಶ್ನೆ: ನಮ್ಮೂರಿನ ನೀರನ್ನು ಫಲಾನುಭವಿಗಳ ಸಮಿತಿ ನಡೆಸುತ್ತದೆ. ಮೊಬೈಲಿನಲ್ಲಿ ನಮ್ಮ ಬಿಲ್ಲು ಸಿಗುವುದಿಲ್ಲವೇಕೆ?
– ಓದುಗರು, ಮಂಜೇಶ್ವರ ತಾಲೂಕು

ಉತ್ತರ: ಊರವರೇ ನಡೆಸುವ ಜಲನಿಧಿಯಂತಹ ಗ್ರಾಮೀಣ ನೀರಿನ ಯೋಜನೆಗಳ ನೀರು ಪ್ರಾಧಿಕಾರದ ಖಾತೆಗೆ ಸೇರಿದ್ದಲ್ಲ. ಪಂಪಿನ ಕರೆಂಟು ಬಿಲ್ಲು, ನಡೆಸುವವರ ಸಂಬಳ ಎಲ್ಲವನ್ನೂ ಸಮಿತಿಯೇ ಹೊಂದಿಸಿಕೊಂಡು ಶುಲ್ಕ ನಿಗದಿ ಮಾಡುತ್ತದೆ. ಕೈಯಲ್ಲೇ ಕೊಡಿ, ರಶೀದಿ ಮಾತ್ರ ಅಲ್ಲೇ ಬರೆಸಿಕೊಳ್ಳಿ.