ಎಸ್‌ಐಎಫ್‌ಗೆ ಕನಿಷ್ಠ 10 ಲಕ್ಷ ಯಾಕೆ? ನನ್ನ ದುಡ್ಡು, ನನ್ನ ರಿಸ್ಕ್ ಅಲ್ವಾ?

ನಿಮ್ಮ ಹತ್ತಿರ 25 ಲಕ್ಷ ಉಳಿತಾಯ ಇದೆ, ಅದರಲ್ಲಿ 1 ಲಕ್ಷ ಮಾತ್ರ ಎಸ್‌ಐಎಫ್‌ಗೆ ಹಾಕೋಣ ಅಂದುಕೊಂಡಿದ್ದೀರಿ, ಷೇರುಪೇಟೆ ನಿಯಂತ್ರಕ ಸೆಬಿ ಬಿಡುತ್ತಿಲ್ಲ, ಇದು ನ್ಯಾಯವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ನ್ಯಾಯವಲ್ಲ. ಸೆಬಿಯ ಉದ್ದೇಶ ಒಳ್ಳೆಯದೇ. ಆದರೆ ಈ ನಿಯಮ ನಿಮ್ಮ ರಿಸ್ಕ್ ಕಡಿಮೆ ಮಾಡುವುದಿಲ್ಲ, ಜಾಸ್ತಿ ಮಾಡುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಎಸ್‌ಐಎಫ್ ಅಂದರೆ ಸ್ಪೆಷಲೈಸ್ಡ್ ಇನ್ವೆಸ್ಟ್‌ಮೆಂಟ್ ಫಂಡ್. 2025ರ ಏಪ್ರಿಲ್‌ನಿಂದ ಇದಕ್ಕೆ ಅವಕಾಶ ಇದೆ. ಮ್ಯೂಚುವಲ್ ಫಂಡ್‌ಗೂ, ಕನಿಷ್ಠ 50 ಲಕ್ಷ ಬೇಡುವ ಪಿಎಂಎಸ್‌ಗೂ (ಒಬ್ಬೊಬ್ಬರ ದುಡ್ಡನ್ನು ಬೇರೆಯಾಗಿ ನೋಡಿಕೊಳ್ಳುವ ಸೇವೆ) ನಡುವಿನದು. ಡೆರಿವೇಟಿವ್ (ಷೇರಿನ ಬೆಲೆಯ ಮೇಲೆ ಮಾಡುವ ಒಪ್ಪಂದ) ಮೂಲಕ, ಹೆಡ್ಜ್ ಅಂದರೆ ನಷ್ಟ ತಡೆಯುವ ಎದುರು ಹೂಡಿಕೆ ಇಲ್ಲದೆಯೇ, ಫಂಡ್ ತನ್ನ ಆಸ್ತಿಯ 25% ವರೆಗೆ ಶಾರ್ಟ್ ಹೋಗಬಹುದು. ಅಂದರೆ ಷೇರು ಬೀಳುತ್ತದೆ ಅಂತ ಬಾಜಿ ಕಟ್ಟಬಹುದು. ಆ ಷೇರು ಏರಿದರೆ ಅಷ್ಟರ ಮಟ್ಟಿಗೆ ನಷ್ಟ.

ಈಗ ನಿಮ್ಮ ಲೆಕ್ಕ ನೋಡಿ. 1 ಲಕ್ಷ ಹಾಕಿ ಫಂಡ್ 30% ಬಿತ್ತು ಅಂದುಕೊಳ್ಳಿ. ಹೋಗುವುದು 30 ಸಾವಿರ. ಬೇಜಾರಾಗುತ್ತದೆ, ಆದರೆ ಮನೆ ನಡೆಯುತ್ತದೆ. ನಿಯಮದ ಪ್ರಕಾರ 10 ಲಕ್ಷ ಹಾಕಿದ್ದರೆ ಅದೇ ಕುಸಿತಕ್ಕೆ 3 ಲಕ್ಷ ಹೋಯಿತು. ಉಳಿದ 7 ಲಕ್ಷದಲ್ಲಿ ಮಗಳ ಫೀಸಿಗೆ ಅಂತ 2 ಲಕ್ಷ ಮಾತ್ರ ತೆಗೆಯೋಣ ಅಂದರೆ ಅದೂ ಆಗಲ್ಲ. ಬೆಲೆ ಇಳಿದು ಮಿತಿಗಿಂತ ಕೆಳಗೆ ಹೋಗಿದ್ದರೆ ಪೂರ್ತಿ ತೆಗೆಯಬೇಕು, ಇಲ್ಲ ಸುಮ್ನೆ ಕೂರಬೇಕು. ಸಣ್ಣ ಹೂಡಿಕೆದಾರನನ್ನು ಕಾಪಾಡುವ ರೀತಿನಾ ಇದು?

ಇನ್ನೊಂದು ವಿಷಯ. ಅಕ್ರೆಡಿಟೆಡ್ ಇನ್ವೆಸ್ಟರ್‌ಗೆ, ಅಂದರೆ ಆದಾಯ, ಆಸ್ತಿ ನೋಡಿ ಮಾನ್ಯತೆ ಕೊಟ್ಟ ಹೂಡಿಕೆದಾರರಿಗೆ, ಈ 10 ಲಕ್ಷದ ಮಿತಿಯೇ ಇಲ್ಲ. ವರ್ಷಕ್ಕೆ 2 ಕೋಟಿ ಆದಾಯ ಇರುವವರು ಆ ಮಾನ್ಯತೆ ಪಡೆಯಬಹುದು, ಬೇಕಾದರೆ ಕಡಿಮೆ ದುಡ್ಡೇ ಹಾಕಬಹುದು. ಅವರಿಗೆ ಡೆರಿವೇಟಿವ್ ಅರ್ಥವಾಗುತ್ತದಾ ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ.

ಹಾಗಂತ ಎಲ್ಲ ಬಾಗಿಲನ್ನೂ ತೆರೆದಿಡಿ ಅಂತ ನಾನು ಹೇಳಲ್ಲ. ಎಫ್ ಅಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಅನ್ನುವ ಡೆರಿವೇಟಿವ್ ವ್ಯಾಪಾರವನ್ನೇ ನೋಡಿ, ಕೆಲವು ಸಾವಿರ ರೂಪಾಯಿ ಪ್ರೀಮಿಯಂ ಇದ್ದರೆ ಆಪ್ಷನ್ ಕೊಳ್ಳಬಹುದು. 2022ರಿಂದ 2024ರ ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅಲ್ಲಿ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳೆದುಕೊಂಡರು, ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಇದು ಸೆಬಿಯದೇ ಲೆಕ್ಕ. ಈ ಅಂಕಿ ನೋಡಿದಾಗ ನನಗೂ ಸಂಕಟವಾಗುತ್ತದೆ. ಆದರೆ ಆ ಬಾಗಿಲು ತೆರೆದಿಟ್ಟು, ಮ್ಯಾನೇಜರ್ ನಡೆಸುವ ಫಂಡ್‌ಗೆ ಮಾತ್ರ 10 ಲಕ್ಷದ ಬೀಗ ಹಾಕುವುದು ಯಾವ ಲೆಕ್ಕ?

ಯೆಸ್ ಬ್ಯಾಂಕ್‌ನ ಎಟಿ-1 ಬಾಂಡ್ (ಬ್ಯಾಂಕ್ ಕಷ್ಟಕ್ಕೆ ಸಿಕ್ಕರೆ ಅಸಲೇ ಹೋಗಬಹುದಾದ ಬಾಂಡ್) ನೆನಪಿದೆಯಾ? 2020ರ ಮಾರ್ಚ್‌ನಲ್ಲಿ 8,415 ಕೋಟಿ ರೈಟ್ ಆಫ್ ಆಯಿತು, ಅಂದರೆ ಬಾಂಡ್ ಬೆಲೆ ಸೊನ್ನೆ ಆಯಿತು. ರಿಸ್ಕ್ ಪೂರ್ತಿ ಹೇಳದೆ ಮಾರಿದ್ದಾರೆ ಅಂತ ಸೆಬಿಯೇ 2021ರ ಆದೇಶದಲ್ಲಿ ಹೇಳಿತು. ಅಲ್ಲಿ ತಪ್ಪು ಮಾರಿದವರದು. ಆದರೂ ಅದಕ್ಕೂ ಮೊದಲೇ, 2020ರ ಅಕ್ಟೋಬರ್‌ನಲ್ಲಿ, ಇಂಥ ಬಾಂಡ್ ಕೊಳ್ಳುವವರಿಗೆ ಕನಿಷ್ಠ 1 ಕೋಟಿಯ ಮಿತಿ ಬಂದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರುವವರ ಮೇಲೆ ಎಷ್ಟು ಬೇಕಾದರೂ ಬಿಗಿ ಇರಲಿ. ಎಸ್‌ಐಎಫ್ ಮಾರುವ ವಿತರಕರು ಈಗಾಗಲೇ ಎನ್‌ಐಎಸ್‌ಎಂ (ಸೆಬಿಯ ತರಬೇತಿ ಸಂಸ್ಥೆ) ಪರೀಕ್ಷೆ ಪಾಸಾಗಿರಬೇಕು. ಕೊಳ್ಳುವವರಿಗೂ ಅಂಥದ್ದೊಂದು ಸಣ್ಣ ಪರೀಕ್ಷೆ ಇಡಲಿ, ಕನ್ನಡದಲ್ಲೂ ಇಡಲಿ, ಪಾಸಾದವರು ಎಷ್ಟು ಬೇಕೋ ಅಷ್ಟು ಹಾಕಲಿ. ಇದೇನು ಹೊಸ ವಿಚಾರವಲ್ಲ. ಅಮೆರಿಕದಲ್ಲಿ 2020ರಿಂದ ಕೆಲವು ವೃತ್ತಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಇರುವವರಿಗೆ, ಆಸ್ತಿ ಎಷ್ಟೇ ಇರಲಿ, ಅಕ್ರೆಡಿಟೆಡ್ ಮಾನ್ಯತೆ ಸಿಗುತ್ತದೆ.

ಸದ್ಯಕ್ಕೆ ನೀವು ಮಾತ್ರ 10 ಲಕ್ಷ ಮುಟ್ಟಿಸಬೇಕು ಅಂತ ಎಫ್‌ಡಿ ಮುರಿಯಬೇಡಿ. ಒಂದೇ ಫಂಡ್ ಕಂಪನಿಯ ಬೇರೆ ಬೇರೆ ಎಸ್‌ಐಎಫ್ ಯೋಜನೆಗಳಲ್ಲಿ ಹಾಕಿದ್ದೆಲ್ಲ ಸೇರಿ 10 ಲಕ್ಷ ಆದರೆ ಸಾಕು ಅನ್ನುವುದು ನಿಜ, ಆದರೂ ನಿಮ್ಮ ಉಳಿತಾಯಕ್ಕೆ ಅದು ಜಾಸ್ತಿಯೇ. ಡೆರಿವೇಟಿವ್ ಹೇಗೆ ಕೆಲಸ ಮಾಡುತ್ತದೆ ನೋಡಬೇಕು ಅಂದರೆ ಈಕ್ವಿಟಿ ಸೇವಿಂಗ್ಸ್ ಫಂಡ್ ಇದೆ, ಕಡಿಮೆ ಮೊತ್ತದಲ್ಲಿ ಸಿಗುತ್ತದೆ, ಅಲ್ಲಿ ಹೆಡ್ಜ್ ಇರುತ್ತದೆ. ಮತ್ತೆ, ಸೆಬಿ ಕರಡು ಪ್ರಕಟಿಸಿ ಅಭಿಪ್ರಾಯ ಕೇಳಿದಾಗ ಯಾರು ಬೇಕಾದರೂ ಬರೆಯಬಹುದು. ಈ 1 ಲಕ್ಷ, 10 ಲಕ್ಷದ ಲೆಕ್ಕವನ್ನೇ ಬರೆದು ಕಳಿಸಿ.