ಜೋತುಬಿದ್ದ ಕೆನ್ನೆಗೆ ಬೊಟಾಕ್ಸ್ ಸಾಕೇ?

ಕಾರವಾರದ ಅಕ್ಕನವರೇ, 58ರಲ್ಲಿ ಕೆನ್ನೆ ಜೋತಿದೆ, ಮಗಳ ಮದುವೆಗೆ ತಿಂಗಳಿದೆ, ಬೊಟಾಕ್ಸ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುವ ಚುಚ್ಚುಮದ್ದು. ಹುಬ್ಬು ಗಂಟಿಕ್ಕಿದಾಗ ಮೂಡುವ ಗೆರೆಗೆ ಅದು ಸರಿ, ಆದರೆ 3-4 ತಿಂಗಳಲ್ಲಿ ಅದರ ಆಟ ಮುಗಿಯುತ್ತದೆ. ಫಿಲ್ಲರ್ ಎಂಬ ಇನ್ನೊಂದು ಚುಚ್ಚುಮದ್ದು ಗುಳಿ ತುಂಬುತ್ತದೆ. ಜೋತದ್ದನ್ನು ಎತ್ತಲೆಂದು ತುಂಬಿಸುತ್ತಲೇ ಹೋದರೆ ಮುಖ ಕಡುಬಿನಂತೆ ಊದುತ್ತದೆ.

ಕನ್ನಡಿಯ ಮುಂದೆ ಕುಳಿತು, ಕಿವಿಯ ಮುಂದಿನ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲಕ್ಕೆ, ಹಿಂದಕ್ಕೆ ಸರಿಸಿ ನೋಡಿ. ನಿಮಗೆ ಬೇಕಾದ ಮುಖ ಅದೇ ಆಗಿದ್ದರೆ ಅದು ಫೇಸ್‌ಲಿಫ್ಟ್‌ನ ಕೆಲಸ. ಕಿವಿಯ ಸುತ್ತ ಕೊಯ್ದು, ಚರ್ಮದಡಿಯ ಪದರವನ್ನೇ ಬಿಗಿದು ಹೊಲಿಯುತ್ತಾರೆ. ಬರೀ ಚರ್ಮ ಎಳೆದರೆ ಬಹಳ ಕಾಲ ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವ ಬಾವು, ನೀಲಿ ಕಲೆ ಇಳಿಯಲು ಸುಮಾರು 2 ವಾರ, ಪೂರ್ತಿ ಹದಕ್ಕೆ ಬರಲು ತಿಂಗಳುಗಳೇ ಬೇಕು. ಧಾರೆಯೆರೆಯುವ ದಿನ ಫೋಟೋದಲ್ಲಿ ಬಾತ ಮುಖ ಯಾಕೆ? ಮದುವೆ ಮುಗಿಯಲಿ.

ಸಿಗರೇಟಿನ ಅಭ್ಯಾಸವಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹುಬ್ಬಳ್ಳಿಗೆ ಹೋಗಿ, ಮಂಗಳೂರಿಗೆ ಹೋಗಿ, ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿಎನ್‌ಬಿ ಎಂಬ ತಜ್ಞ ಪದವಿ ಮಾಡಿದವರನ್ನು ನೋಡಿ. ಪಾರ್ಲರಿನವರ ಸೂಜಿಗೆ ಮಾತ್ರ ಮುಖ ಒಡ್ಡಬೇಡಿ.