ಉ: ಸರ್ವ್ ಕಲ್ಪಿಸಿಕೊಂಡರೂ ಚೆಂಡು ನೆಟ್‌ಗೇ ಬೀಳುವುದೇಕೆ?
ದಿನಾ ಮಲಗಿಕೊಂಡು ಟೆನಿಸ್ ಸರ್ವ್ ಕಲ್ಪಿಸಿಕೊಳ್ಳುತ್ತೀರಿ, ಮೊಣಕೈ, ಮಣಿಕಟ್ಟು ತಿರುಗುವುದನ್ನೇ ಗಮನಿಸುತ್ತೀರಿ, ಆದರೂ ಚೆಂಡು ನೆಟ್‌ಗೇ ಬೀಳುತ್ತದೆ ಎಂದಿದ್ದೀರಿ. ತೊಡಕು ಆ ಮೊಣಕೈಯಲ್ಲೇ ಇರುವ ಹಾಗಿದೆ. ಗಮನ ಕೈಯ ಮೇಲಿದ್ದರೆ ತಾನಾಗಿ ನಡೆಯಬೇಕಾದ ಚಲನೆಗೆ ಯೋಚನೆ ಅಡ್ಡ ಬರುತ್ತದೆ, ಸ್ನಾಯು ಬಿಗಿಯುತ್ತದೆ. ಬದಲಿಗೆ ಚೆಂಡನ್ನು ನೋಡಿ: ನೆಟ್‌ಗಿಂತ ಎರಡಡಿ ಮೇಲೆ ಹಾದು ಸರ್ವಿಸ್ ಬಾಕ್ಸಿನ (ಎದುರಾಳಿಯ ಕಡೆ ಸರ್ವ್ ಬೀಳಬೇಕಾದ ಅಂಕಣದ ಭಾಗ) ಮೂಲೆಯಲ್ಲಿ ಪುಟಿಯಬೇಕು. ನಿಂತು, ರಾಕೆಟ್ ಹಿಡಿದು, ನಿಮ್ಮದೇ ಕಣ್ಣಿಗೆ ಕಾಣುವಂತೆ, ನಿಜವಾದ ವೇಗದಲ್ಲೇ ಕಲ್ಪಿಸಿ. ನಿಧಾನ ಮಾಡಿದರೆ ಲಯ ತಪ್ಪುತ್ತದೆ. ಐದು ಸಲ ಕಲ್ಪನೆ, ಕೂಡಲೇ ಐದು ಸರ್ವ್. ‘ನೆಟ್‌ಗೆ ಬೀಳದಿರಲಿ’ ಅಂದುಕೊಳ್ಳಲೇಬೇಡಿ, ಆಗ ಮನಸ್ಸಿಗೆ ಮೊದಲು ಕಾಣುವುದು ನೆಟ್ಟೇ. ಹಾಂ, ಟಾಸ್, ಅಂದರೆ ಸರ್ವ್‌ಗೆ ಮೇಲೆಸೆಯುವ ಚೆಂಡು, ಒಂದೊಂದು ಸಲ ಒಂದೊಂದು ಕಡೆ ಹೋಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಕಲ್ಪನೆ ಆಮೇಲೆ.